ಒಂದು ಗೋಧಿಕಾಳಿನ ಅಂತರ

ತನ್ನನ್ನು ಕೆಲಸದಿಂದ ತೆಗೆಯುತ್ತಾರೆ ಎಂಬುದು ಬಯೂಮಿಗೆ ಗೊತ್ತಾದದ್ದು ತನ್ನದೇ ಅಡಿಪಟ್ಟಿಯಿಂದ. ಬೆಳಿಗ್ಗೆ ಹತ್ತಕ್ಕೆ ಅವನು ಅಂಗಡಿಯ ಹಿಂಬದಿಗೆ ಬಂದಾಗ ಯಜಮಾನರ ಅಳಿಯ ವಗ್ದಿ ಆ ಕಬ್ಬಿಣದ ಪಟ್ಟಿ ಹಿಡಿದುಕೊಂಡು ಬಯೂಮಿಯ ಮೇಜನ್ನು ಅಳೆಯುತ್ತಿದ್ದ. ಉದ್ದ ಅಳೆದ, ಅಗಲ ಅಳೆದ, ಗೋಡೆಗೂ ಮೇಜಿಗೂ ಇರುವ ಸಂದನ್ನೂ ಅಳೆದ. ಇಪ್ಪತ್ತಾರು ವರ್ಷದಲ್ಲಿ ಬೇರೆಯವರ ಕೈ ಆ ಪಟ್ಟಿಯನ್ನು ಮುಟ್ಟಿದ್ದು ಅದೇ ಮೊದಲು.

"ಏನಪ್ಪಾ ಅಳೀತಿದೀಯ?"

"ಏನಿಲ್ಲ ಕಾಕಾ, ಒಂದು ಮಷೀನ್ ಬರ್ತಿದೆ. ಇಲ್ಲಿ ಹಿಡಿಯುತ್ತೋ ಇಲ್ವೋ ನೋಡ್ತಿದೀನಿ."

"ಎಂಥ ಮಷೀನು?"

"ಚೀಟಿ ಮಷೀನು. ಹೆಸರು ಒತ್ತಿದ್ರೆ ಸಾಕು, ಬರ್ ಅಂತ ಸುರುಳಿ ಈಚೆ ಬರುತ್ತೆ. ಹಿಂದೆ ಅಂಟೂ ಇರುತ್ತೆ. ಸುಲಿಯೋದು, ಮೆತ್ತೋದು. ಕಣ್ಣು ಕಾಣದೋನೂ ಮಾಡ್ತಾನೆ."

"ಈ ಮೇಜು?"

"ಮೇಜು ತೆಗೀಬೇಕಾಗುತ್ತೆ."

ಮೇಜಿನ ಹಿಂದೆ ಕೂರುವವನ ವಿಷಯ ಅವನೂ ಎತ್ತಲಿಲ್ಲ, ಇವನೂ ಕೇಳಲಿಲ್ಲ. ಬಯೂಮಿ ಕೈ ಚಾಚಿ ಪಟ್ಟಿಯನ್ನು ಇಸಿದುಕೊಂಡ. ಅಂಗಿಯ ತುದಿಯಿಂದ ಒರೆಸಿ ಅದರ ಮೊಳೆಗೆ ನೇತುಹಾಕಿದ. ಅವನಿಗೆ ಸಿಟ್ಟು ಬರಬೇಕಿತ್ತು. ಬಂದದ್ದು ಆಯಾಸ. ಮೊಣಕಾಲಿನಿಂದ ಶುರುವಾಗಿ ಸೊಂಟ, ಹೆಗಲು, ಕಣ್ಣಿನ ಹಿಂಭಾಗದವರೆಗೆ ಏರಿ ಅಲ್ಲೇ ನಿಂತುಬಿಟ್ಟ ಆಯಾಸ.

ಕೈರೋದ ಹಮ್ಜಾವಿ ಓಣಿಯಲ್ಲಿ ಅತ್ತರಿನ ಅಂಗಡಿಗಳಿಗೆ ಬರವಿಲ್ಲ. ಆದರೆ ಹಾಜಿ ಮಿತ್ವಲ್ಲಿಯ ಅಂಗಡಿಯ ಶೀಶೆಗಳನ್ನು ದೂರದಿಂದಲೇ ಗುರುತಿಸಬಹುದಿತ್ತು. ಅವು ಬಾಯಿಂದ ಊದಿ ಮಾಡಿದ ಹಳೆಯ ಗಾಜಿನ ಶೀಶೆಗಳು, ಹಾಜಿಯ ತಂದೆಯ ಕಾಲದವು. ಒಂದರಂತೆ ಇನ್ನೊಂದಿಲ್ಲ. ಒಂದರ ಹೊಟ್ಟೆ ಉಬ್ಬಿದ್ದರೆ ಇನ್ನೊಂದರ ಹೆಗಲು ಜಾರಿದೆ. ಅಂಥ ಶೀಶೆಗೆ ಅಚ್ಚಿನಲ್ಲಿ ಹೊಡೆದ ಚೀಟಿ ಕೂರುವುದಿಲ್ಲ. ಪ್ರತಿ ಶೀಶೆಗೂ ಅದರದೇ ಅಳತೆಯ ಚೀಟಿ ಬೇಕು. ಹೊಟ್ಟೆಯ ಸುತ್ತ ಬಳಸಿ ಬಂದು, ಬೆನ್ನ ಹಿಂದೆ ಎರಡು ಅಂಚು ಒಂದನ್ನೊಂದು ಮುಟ್ಟಬೇಕು. ಮೇಲೆ ಹತ್ತಬಾರದು, ನಡುವೆ ಗಾಜು ಕಾಣಬಾರದು. ಆ ಅಂಗಡಿಯ ಮರ್ಯಾದೆ ಇದ್ದದ್ದು ಆ ಬೆನ್ನ ಹೊಲಿಗೆಯಲ್ಲಿ. ಹಾಜಿ ಗಿರಾಕಿಯ ಎದುರಿಗೆ ಶೀಶೆ ತಿರುಗಿಸಿ ಉಗುರಿನಿಂದ ಅಲ್ಲಿ ಗೀರಿ ತೋರಿಸುತ್ತಿದ್ದ. "ನೋಡಿ, ಉಗುರು ಸಿಕ್ಕೋದಿಲ್ಲ. ಹೊರಗೆ ಇಷ್ಟು ಅಚ್ಚುಕಟ್ಟಾದ್ರೆ ಒಳಗಿನದು ಹೇಗಿರಬೇಡ."

ಈ ಕೆಲಸಕ್ಕೆ ಬಯೂಮಿಯ ಬಳಿ ಇದ್ದದ್ದು ಬಹಳವೇನಲ್ಲ. ನಿಂಬೆ ಮರದ ಒಂದು ಹಲಗೆ. ಆ ಕಬ್ಬಿಣದ ಪಟ್ಟಿ. ಹಿಡಿ ಸವೆದು ಅವನ ಹೆಬ್ಬೆರಳಿನ ಆಕಾರಕ್ಕೆ ಬಂದಿದ್ದ ಎರಡು ಚೂರಿ, ಒಂದು ನೇರ ಗೆರೆಗೆ, ಒಂದು ತಿರುವಿಗೆ. ಮೂಲೆಗಳನ್ನು ದುಂಡು ಮಾಡಲು ಬಾಗಿದ ಒಂದು ಉಳಿ. ಕಾಗದ ಮಡಿಸಿ ತೀಡಲು ಒಂಟೆಯ ಮೂಳೆಯ ಪಟ್ಟಿ. ಸಾಣೆಕಲ್ಲು. ಮತ್ತೆ, ಗೋಡೆಯ ಮೇಲೆ ದಾರದಲ್ಲಿ ಪೋಣಿಸಿ ತೂಗುಹಾಕಿದ್ದ ನಲವತ್ತಮೂರು ತಗಡಿನ ಅಚ್ಚುಗಳು, ದೊಡ್ಡ ಶೀಶೆ ಒಂದೊಂದಕ್ಕೆ ಒಂದೊಂದು. ಹೆಸರನ್ನು ಬಿದಿರಿನ ಲೇಖನಿಯಿಂದ ಬರೆಯುತ್ತಿದ್ದವನೂ ಅವನೇ. ಗಿರಾಕಿಗಳು ಒಯ್ಯುವ ಪುಟ್ಟ ಕುಪ್ಪಿಗಳಿಗೂ ಚೀಟಿ ಅವನದೇ. ಆ ಮೇಜಿನ ಮೇಲಿನಿಂದ ಹಾಯದೆ ಅಂಗಡಿಯಿಂದ ಒಂದು ಹನಿ ಅತ್ತರೂ ಹೊರಗೆ ಹೋಗುತ್ತಿರಲಿಲ್ಲ.

ಅವತ್ತು ಅಂಗಡಿ ಮುಚ್ಚುವ ಹೊತ್ತಿಗೆ ಹಾಜಿ ಅವನನ್ನು ಕರೆದ. ಕೈಯಲ್ಲಿ ಜಪಮಣಿ, ಕಣ್ಣು ನೆಲದ ಮೇಲೆ.

"ಬಯೂಮಿ, ರಮದಾನ್ ಬರ್ತಿದೆ. ಪ್ರತಿ ವರ್ಷದ ಹಾಗೆ ಎಲ್ಲ ಶೀಶೆಗೂ ಹೊಸ ಚೀಟಿ ಮಾಡಿಬಿಡು. ದೊಡ್ಡ ಶೀಶೆಗೆ ನಿನ್ನ ಕೈಯ ಚೀಟಿನೇ ಇರ್ಲಿ ಅಂತ ನಾನು ಹೇಳಿದೀನಿ. ಆಮೇಲೆ..." ಮಣಿ ಎರಡು ಸಲ ಸರಿಯಿತು. "ಆಮೇಲೆ ಚೀಟಿ ಅಂಟಿಸಿದ ವಾರದ ಗುರುವಾರಕ್ಕೆ ನೀನು ವಿಶ್ರಾಂತಿ ತಗೋ. ವಯಸ್ಸಾಯ್ತಲ್ಲ."

"ನನಗೆ ಐವತ್ತನಾಲ್ಕು, ಹಾಜಿ."

"ವಗ್ದಿ ಹೇಳ್ತಾನೆ, ಈಗ ಎಲ್ಲ ಮಷೀನು ಅಂತ."

ಬಯೂಮಿ ತಲೆಯಾಡಿಸಿದ. ಎದುರು ಕೂತ ಮನುಷ್ಯನನ್ನು ಚೆನ್ನಾಗಿ ನೋಡಿದ. ಇವನು ಇದನ್ನು ಹೇಳಬಾರದಿತ್ತು. ಬೇರೆ ಯಾರು ಹೇಳಿದ್ದರೂ ಸಹಿಸಬಹುದಿತ್ತು.

ಯಾಕೆಂದರೆ ಹಾಜಿ ಮಿತ್ವಲ್ಲಿಗೆ ವಾಸನೆ ಗೊತ್ತಾಗುತ್ತಿರಲಿಲ್ಲ. ಎರಡು ಚಳಿಗಾಲದ ಹಿಂದೆ ಜ್ವರ ಬಂದು ಹನ್ನೆರಡು ದಿನ ಮಲಗಿದ್ದ. ಎದ್ದು ಬಂದ ಮೇಲೆ ಒಂದು ಸಂಜೆ ಒಲೆಯ ಮೇಲೆ ಹಾಲು ಹೊತ್ತಿ ಅಂಗಡಿಯೆಲ್ಲ ಸೀದ ವಾಸನೆ ತುಂಬಿದರೂ ಪಕ್ಕದಲ್ಲೇ ಕೂತಿದ್ದ ಹಾಜಿ ಜಪಮಣಿ ಎಣಿಸುತ್ತಲೇ ಇದ್ದ. ಬಯೂಮಿ ಓಡಿಬಂದು ಪಾತ್ರೆ ಇಳಿಸಿದ. ಇಬ್ಬರ ಕಣ್ಣೂ ಕೂಡಿದವು. ಹಾಜಿಯ ಕಣ್ಣಲ್ಲಿ ನೀರು ತುಂಬಿತ್ತು, ಅದು ಹೊಗೆಗೆ ಬಂದ ನೀರಲ್ಲ. ಅಂದಿನಿಂದ ಆ ಅಂಗಡಿಯ ಮೂಗು ಬಯೂಮಿಯ ಚೀಟಿಯೇ. ಹಾಜಿ ಚೀಟಿ ಓದಿ ಶೀಶೆ ತೆಗೆಯುವನು, ಬಿರಡೆ ಎತ್ತಿ ಕಣ್ಣು ಮುಚ್ಚಿ ಉಸಿರೆಳೆಯುವನು, "ಆಹಾ, ಫಯ್ಯೂಮಿನ ಮಲ್ಲಿಗೆ" ಅನ್ನುವನು. ನಲವತ್ತು ವರ್ಷದ ಅಭ್ಯಾಸ, ಒಂದು ಮಾತೂ ತಪ್ಪುತ್ತಿರಲಿಲ್ಲ. ಮಗಳಿಗೆ ಗೊತ್ತಿರಲಿಲ್ಲ, ಅಳಿಯನಿಗೂ ಗೊತ್ತಿರಲಿಲ್ಲ. ಅತ್ತರಿನವನ ಮೂಗು ಸತ್ತಿತೆಂದರೆ ಅಂಗಡಿಯೂ ಸತ್ತಂತೆ. ಎರಡು ವರ್ಷ ಬಯೂಮಿ ಆ ಗುಟ್ಟನ್ನು ಹೆಂಡತಿ ಇನ್ಸಾಫ್‌ಳಿಗೂ ಹೇಳಿರಲಿಲ್ಲ. ಹೇಳದೆ ಇದ್ದುದಕ್ಕೆ ಬಂದ ಬಹುಮಾನ ಇದು. ವಿಶ್ರಾಂತಿ.

ಮನೆಗೆ ಹೋಗುವ ದಾರಿಯಲ್ಲಿ, ಟ್ರಾಮು ಇದ್ದ ಕಾಲದ ಹಳೆಯ ಕಂಬಿಯ ಮೇಲೆ ಕಾಲಿಟ್ಟು ನಡೆಯುತ್ತಿದ್ದಾಗ, ಅವನಿಗೆ ಹೊಳೆಯಿತು. ಅದು ಹೊಳೆದದ್ದು ಕಳ್ಳತನದ ಯೋಚನೆಯಾಗಿ ಅಲ್ಲ, ಒಂದು ಅಳತೆಯಾಗಿ.

ನಲವತ್ತಮೂರು ಶೀಶೆಗಳಲ್ಲಿ ಎರಡು ಅವಳಿಗಳಿದ್ದವು. ಒಂದೇ ದಿನ ಒಬ್ಬನೇ ಊದಿದವು ಇರಬೇಕು. ಒಂದೇ ಎತ್ತರ, ಒಂದೇ ಕತ್ತು, ಗಾಜಿನಲ್ಲಿ ಅದೇ ಹಸಿರು ಛಾಯೆ. ಬರಿಗಣ್ಣಿಗೆ ವ್ಯತ್ಯಾಸವೇ ಇಲ್ಲ. ಆದರೆ ಒಂದರ ಹೊಟ್ಟೆಯ ಸುತ್ತಳತೆ ಇನ್ನೊಂದಕ್ಕಿಂತ ಒಂದು ಗೋಧಿಕಾಳಿನಷ್ಟು ಹೆಚ್ಚು. ಇದು ಗೊತ್ತಿದ್ದದ್ದು ಲೋಕದಲ್ಲಿ ಇಬ್ಬರಿಗೆ, ಬಯೂಮಿಗೆ ಮತ್ತು ಅವನ ತಗಡಿನ ಅಚ್ಚಿಗೆ. ದೊಡ್ಡದರಲ್ಲಿ ಇದ್ದದ್ದು ಊದ್. ಅಸ್ಸಾಮಿನ ಕಾಡಿನಿಂದ ಬಂದ ಅಗರು ಮರದ ಎಣ್ಣೆ. ಹಾಜಿಯ ತಂದೆ ಕೊಂಡಿದ್ದು, ಮೂವತ್ತು ವರ್ಷ ಮಾಗಿದ್ದು. ಒಂದು ಹನಿ ಕಿವಿಯ ಹಿಂದೆ ಹಚ್ಚಿದರೆ ಎರಡು ಸ್ನಾನಕ್ಕೂ ಹೋಗುವುದಿಲ್ಲ. ಅದು ಗಾಜಿನ ಬೀರುವಿನಲ್ಲಿ, ಬೀಗದೊಳಗೆ, ಬೀಗದ ಕೈ ಹಾಜಿಯ ಕೊರಳಿನಲ್ಲಿ. ಚಿಕ್ಕದರಲ್ಲಿ ಇದ್ದದ್ದು ಕರಿ ಅಂಬರ್ ಎಂಬ ಅಗ್ಗದ ಮಿಶ್ರಣ, ಕೆಳಗಿನ ಹಲಗೆಯ ಮೂಲೆಯಲ್ಲಿ. ಬಣ್ಣ ಮಾತ್ರ ಎರಡರದೂ ಒಂದೇ, ಕಪ್ಪಿಗೆ ತಿರುಗಿದ ಕಂದು. ಕದಲಿಸಿದರೆ ಎರಡೂ ಜೇನಿನ ಹಾಗೆ ಸೋಮಾರಿಯಾಗಿ ಹೊರಳುತ್ತಿದ್ದವು.

ಚೀಟಿ ಬದಲಾದರೆ ಸಾಕು. ಬಿರಡೆ ಎತ್ತುವುದು ಬೇಡ, ಸುರಿಯುವುದು ಬೇಡ, ವಾಸನೆ ಹರಡುವುದು ಬೇಡ. ಬೀಗ ಒಡೆಯುವುದೂ ಬೇಡ. ಆಮೇಲೆ ಕರಿ ಅಂಬರ್ ಎಂದು ಬರೆದ ಶೀಶೆಯನ್ನು ಹಗಲು ಹೊತ್ತಿನಲ್ಲಿ, ಎಲ್ಲರ ಎದುರಿಗೆ, ಯಜಮಾನನ ಕೈಯಿಂದಲೇ ಕೇಳಿ ಪಡೆಯುವುದು. ಕೆಲಸ ಬಿಟ್ಟು ಹೋಗುವವನಿಗೆ ಅಂಗಡಿಯ ಸರಕಿನಲ್ಲಿ ಏನಾದರೊಂದು ಕೊಟ್ಟು ಕಳಿಸುವುದು ಆ ಓಣಿಯಲ್ಲಿ ವಾಡಿಕೆ. ಅಗ್ಗದ್ದನ್ನು ಕೇಳಿದವನಿಗೆ ಯಾರು ಇಲ್ಲವೆನ್ನುತ್ತಾರೆ?

ಮುಂದಿನದನ್ನೂ ಅವನು ಒಂದೊಂದೇ ಅಂಚು ಕತ್ತರಿಸಿದಂತೆ ಯೋಚಿಸಿದ. ಹುಸೇನ್ ಮಸೀದಿಯ ಹಿಂದಿನ ಹೋಟೆಲಿಗೆ ಕೊಲ್ಲಿ ದೇಶದ ಒಬ್ಬ ದಲ್ಲಾಳಿ ಬಂದು ಇಳಿಯುತ್ತಿದ್ದ. ಹಳೆಯ ಊದ್ ಸಿಕ್ಕರೆ ಎಲ್ಲಿಂದ ಎಂದು ಕೇಳುವ ಆಸಾಮಿಯಲ್ಲ. ಅವನು ಕೊಡುವುದರಲ್ಲಿ ದರ್ಬ್ ಸಆದಾ ಬೀದಿಯಲ್ಲಿ ಒಂದು ಕೋಣೆ ಹಿಡಿಯಬಹುದು. ಒಂದು ಮೇಜು ಹಾಕಬಹುದು. ಯಾರೂ ಅಳೆಯಲು ಬಾರದ ಮೇಜು. ಬಯೂಮಿಗೆ ಬೇಕಾದದ್ದು ಅಷ್ಟೇ. ಒಂದು ಬೆಳಿಗ್ಗೆ ಎದ್ದು ತನ್ನ ಚೂರಿಗಳನ್ನು ತನ್ನ ಮೇಜಿನ ಮೇಲೆ ಇಟ್ಟು, ಬಾಗಿಲು ತೆರೆದಿಟ್ಟು ಚಹಾ ಕುಡಿಯಬೇಕು. ಬಂದವರು ಬರಲಿ, ಬಿಟ್ಟವರು ಬಿಡಲಿ.

ಹಾಜಿ ಪ್ರತಿ ಸಂಜೆ ಬೀರುವಿನಿಂದ ಊದ್ ಶೀಶೆ ತೆಗೆದು ದೀಪಕ್ಕೆ ಹಿಡಿದು ಮಟ್ಟ ನೋಡುತ್ತಿದ್ದ. ಮೂಗಿಲ್ಲದವನಿಗೆ ಕಣ್ಣೇ ಕಾವಲು. ಊದ್ ಅರ್ಧಕ್ಕೆ ಒಂದು ಬೆರಳು ಮೇಲಿತ್ತು, ಕರಿ ಅಂಬರ್ ಇನ್ನೂ ಹೆಚ್ಚಿತ್ತು. ಬಯೂಮಿ ದಿನಕ್ಕಿಷ್ಟರಂತೆ ಅಂಬರನ್ನು ಅಂಟಿನ ಬಟ್ಟಲಿಗೆ ಬಗ್ಗಿಸಿ, ಅಂಟಿನ ಜೊತೆ ತೊಳೆದು ಚರಂಡಿಗೆ ಬಿಟ್ಟ. ಒಂಬತ್ತನೆಯ ದಿನಕ್ಕೆ ಎರಡೂ ಸಮ. ಹಾಜಿ ಕಾವಲು ಕಾಯುತ್ತಿದ್ದದ್ದು ಒಂದೇ ಶೀಶೆಯನ್ನು.

ಊದ್ ಕೇಳುವ ಗಿರಾಕಿ ಬರುವುದು ಈದ್ ಹತ್ತಿರವಾದಾಗ. ಅಂಥವನು ಬಿರಡೆ ಎತ್ತಿದ ಕೂಡಲೇ ಮೋಸ ಬಯಲಾಗುತ್ತದೆ, ಆಗಲಿ. ಅಷ್ಟರಲ್ಲಿ ತಿಂಗಳು ಕಳೆದಿರುತ್ತದೆ. ಯಾವಾಗ ಬದಲಾಯಿತು ಎಂದು ಹಾಜಿ ಹೇಗೆ ಹೇಳುತ್ತಾನೆ? ನಿನ್ನೆ ಮೊನ್ನೆಯವರೆಗೂ ಸರಿಯಾಗಿತ್ತು ಎನ್ನಬೇಕಾದರೆ ಮೂಸಿ ನೋಡಿರಬೇಕು. ಮೂಸಿದರೂ ತಿಳಿಯಲಿಲ್ಲ ಎಂದರೆ ಮೂಗು ಇಲ್ಲವೆಂದು ಒಪ್ಪಿಕೊಂಡ ಹಾಗೆ. ಅದನ್ನು ಒಪ್ಪಿಕೊಳ್ಳುವ ಬದಲು ಅವನು ಅಂಗಡಿಗೇ ಬೆಂಕಿ ಇಟ್ಟಾನು. ಎರಡು ವರ್ಷ ಕಾಯ್ದ ಗುಟ್ಟು ಈಗ ಬಯೂಮಿಯನ್ನು ಕಾಯುತ್ತದೆ. ಇದಕ್ಕಿಂತ ಗಟ್ಟಿ ಬೀಗ ಯಾವುದು?

ಅಷ್ಟಾದರೂ ಚೀಟಿ ಅಂಟಿಸುವ ಸೋಮವಾರದಿಂದ ಗುರುವಾರದವರೆಗೆ ಮೂರು ದಿನ ಊದ್ ಕೆಳಗಿನ ಹಲಗೆಯಲ್ಲಿ, ಅಗ್ಗದವುಗಳ ನಡುವೆ ನಿಲ್ಲಬೇಕು. ಆ ಮೂರು ದಿನದಲ್ಲಿ ಯಾರಾದರೂ ಕರಿ ಅಂಬರ್ ಕೇಳಿದರೆ? ಇದನ್ನೂ ಅವನು ಬಿಡಲಿಲ್ಲ. ಯಾವುದು ಎಷ್ಟು ಹೋಗುತ್ತದೆ ಎಂಬುದು ಅಂಗಡಿಯ ಪುಸ್ತಕಕ್ಕಿಂತ ಅವನ ಬೆರಳಿಗೆ ಚೆನ್ನಾಗಿ ಗೊತ್ತಿತ್ತು. ಮಲ್ಲಿಗೆಗೆ ವಾರಕ್ಕೆ ಅರವತ್ತು ಪುಟ್ಟ ಚೀಟಿ. ಗುಲಾಬಿಗೆ ನಲವತ್ತು. ಗಂಧಕ್ಕೆ ಹತ್ತೋ ಹನ್ನೆರಡೋ. ಕರಿ ಅಂಬರಿಗೆ? ನಾಲ್ಕು ವರ್ಷದಲ್ಲಿ ಎರಡು. ಎರಡನ್ನೂ ಕೊಂಡವಳು ಒಬ್ಬಳೇ, ಉಣ್ಣೆಯ ಕಂಬಳಿಗೆ ಹುಳ ಬೀಳದಿರಲಿ ಎಂದು. ಅಕಸ್ಮಾತ್ ಯಾರಾದರೂ ಕೇಳಿಯೇಬಿಟ್ಟರೆ ಚೀಟಿಗಾಗಿ ಕುಪ್ಪಿ ಅವನ ಮೇಜಿಗೇ ಬರಬೇಕು. ಆಗ "ಅಯ್ಯೋ, ಕಣ್ಣು ಮಂಜು, ಅದಲು ಬದಲಾಯ್ತು" ಎಂದು ತಲೆ ಚಚ್ಚಿಕೊಂಡರೆ ಆಯಿತು. ನಲವತ್ತಮೂರು ಚೀಟಿಯಲ್ಲಿ ಒಂದು ತಪ್ಪು. ಬೈಯುತ್ತಾರೆ, ಅಷ್ಟೇ.

ಅವನು ಚೀಟಿಗಳನ್ನು ಕತ್ತರಿಸಿದ. ನಲವತ್ತೊಂದನ್ನು ಅವುಗಳ ಅಚ್ಚಿನ ಪ್ರಕಾರ. ಊದ್ ಎಂದು ಬರೆದದ್ದನ್ನು ಚಿಕ್ಕ ಹೊಟ್ಟೆಯ ಅಚ್ಚಿಟ್ಟು, ಕರಿ ಅಂಬರ್ ಎಂದು ಬರೆದದ್ದನ್ನು ದೊಡ್ಡ ಹೊಟ್ಟೆಯ ಅಚ್ಚಿಟ್ಟು. ಪಟ್ಟಿಯನ್ನು ಎಡಗೈಯ ಮೂರು ಬೆರಳಿನಿಂದ ಒತ್ತಿ ಹಿಡಿದು, ಉಸಿರು ಬಿಗಿಹಿಡಿದು, ಚೂರಿಯನ್ನು ಒಂದೇ ಎಳೆತಕ್ಕೆ ತನ್ನ ಕಡೆಗೆ ಎಳೆದ. ಎರಡು ಸಲ ಎಳೆದರೆ ಅಂಚಿನಲ್ಲಿ ಜುಂಗು ಏಳುತ್ತದೆ. ಉಳಿಯನ್ನು ಮೂಲೆಗಿಟ್ಟು ಅಂಗೈಯಿಂದ ಒಂದು ಗುದ್ದು. ನಾಲ್ಕು ಮೂಲೆ, ನಾಲ್ಕು ಗುದ್ದು. ಕತ್ತರಿಸಿ ಉದುರಿದ ಚಂದ್ರನ ಚೂರುಗಳನ್ನು ಊದಿದ. ಬದುಕಿನಲ್ಲಿ ಅಷ್ಟು ಚೆನ್ನಾದ ಎರಡು ಚೀಟಿಯನ್ನು ಅವನು ಕತ್ತರಿಸಿರಲಿಲ್ಲ. ಅದನ್ನು ಹೇಳಿಕೊಳ್ಳಲು ಯಾರೂ ಇಲ್ಲವೆಂಬುದು ಸ್ವಲ್ಪ ಬೇಜಾರೇ ಆಯಿತು.

ಸೋಮವಾರ ಎಲ್ಲ ಶೀಶೆಗಳನ್ನೂ ಇಳಿಸಿ ಒರೆಸಿದರು. ಊದನ್ನು ಹಾಜಿ ತಾನೇ ಬೀಗ ತೆಗೆದು, ಮಗುವನ್ನು ಎತ್ತಿಕೊಂಡ ಹಾಗೆ ತಂದು ಮೇಜಿನ ಮೇಲಿಟ್ಟ. ಎದುರಿಗೇ ಕುರ್ಚಿ ಹಾಕಿಕೊಂಡು ಕೂತ.

"ಏನ್ ಹಾಜಿ, ನನ್ನ ಮೇಲೆ ಕಾವಲಾ?"

"ಛೇ, ಛೇ. ಕೊನೆ ಸಲ ನಿನ್ನ ಕೈ ನೋಡೋಣ ಅಂತ."

ಬಯೂಮಿ ಬಿಸಿನೀರಿನ ಬಟ್ಟೆ ಸುತ್ತಿ ಹಳೆಯ ಚೀಟಿಗಳನ್ನು ನೆನೆಸಿದ. ಒಂದೊಂದಾಗಿ ಸುಲಿದ. ಅವಳಿಗಳೆರಡೂ ಬತ್ತಲೆಯಾಗಿ ಪಕ್ಕಪಕ್ಕ ನಿಂತವು. ಹಾಜಿ ರೆಪ್ಪೆ ಬಡಿಯದೆ ನೋಡುತ್ತಿದ್ದ, ಆದರೆ ಶೀಶೆಗಳನ್ನಲ್ಲ, ಬಯೂಮಿಯ ಬೆರಳುಗಳನ್ನು. ಬಯೂಮಿ ಅವಸರ ಮಾಡಲಿಲ್ಲ. ಗೋಧಿ ಹಿಟ್ಟಿನ ಅಂಟನ್ನು ಕುಂಚದಿಂದ ನಡುವಿನಿಂದ ಅಂಚಿಗೆ ಬಳಿದ. ಊದ್ ಎಂಬ ಚೀಟಿಯನ್ನು ಎತ್ತಿ ಅಂಬರಿನ ಹೊಟ್ಟೆಗೆ ಸುತ್ತಿದ. ಮೂಳೆಯ ಪಟ್ಟಿಯಿಂದ ತೀಡಿದ. ಬೆನ್ನ ಹಿಂದೆ ಎರಡಂಚೂ ಬಂದು ಕೂಡಿದವು.

ಹಾಜಿ ಕೈ ಚಾಚಿ ತೆಗೆದುಕೊಂಡ. ಉಗುರಿನಿಂದ ಗೀರಿ ನೋಡಿದ. ಉಗುರು ಸಿಕ್ಕಲಿಲ್ಲ.

"ನಿನ್ನಂಥ ಕೈ ಇನ್ನು ಬರಲ್ಲ ಬಯೂಮಿ."

"ಮಷೀನ್ ಬರುತ್ತಲ್ಲ."

ಹಾಜಿ ಎದ್ದು ಆ ಶೀಶೆಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿ ಬೀಗದ ಕೈಯನ್ನು ಅಂಗಿಯೊಳಗೆ ಬಿಟ್ಟುಕೊಂಡ. ನಿಜವಾದ ಊದಿಗೆ ಕರಿ ಅಂಬರ್ ಚೀಟಿ ಸುತ್ತಿ ಬಯೂಮಿಯೇ ಒಯ್ದು ಕೆಳಗಿನ ಹಲಗೆಯ ಮೂಲೆಯಲ್ಲಿಟ್ಟ. ಅಪರಾಧ ಮುಗಿದಿತ್ತು. ಎದೆ ಬಡಿದುಕೊಳ್ಳುತ್ತದೆ ಎಂದುಕೊಂಡಿದ್ದ, ಹಾಗೇನೂ ಆಗಲಿಲ್ಲ. ಉಳಿದ ಚೀಟಿಗಳನ್ನು ಅಂಟಿಸಿದ. ಬೆನ್ನು ನೋಯುತ್ತಿತ್ತು.

ಮಂಗಳವಾರ ಯಾರೂ ಕರಿ ಅಂಬರ್ ಕೇಳಲಿಲ್ಲ. ಬುಧವಾರವೂ ಇಲ್ಲ. ಬುಧವಾರ ಮಧ್ಯಾಹ್ನ ವಗ್ದಿ ಇಲ್ಲದಾಗ ಹಾಜಿ ಮೇಜಿನ ಹತ್ತಿರ ಬಂದು ನಿಂತ. ಬಯೂಮಿ ರೊಟ್ಟಿ ಮುರಿದು ಫೂಲ್ ಬೇಳೆಯಲ್ಲಿ ಅದ್ದಿ ತಿನ್ನುತ್ತಿದ್ದ.

"ನೀನು ಹೋದ್ಮೇಲೆ ನನಗೆ ಯಾರೂ ಇರಲ್ಲ ಕಣೋ," ಹಾಜಿ ಮೆಲ್ಲಗೆ ಹೇಳಿದ. "ನಿನಗೆ ಗೊತ್ತಲ್ಲ."

"ಹಾಗಾದ್ರೆ ಅಳಿಯನಿಗೆ ಹೇಳಿ, ಮಷೀನ್ ಬೇಡ ಅಂತ."

"ಯಾಕೆ ಅಂತ ಕೇಳ್ತಾನೆ. ಏನ್ ಹೇಳ್ಲಿ?"

"ನಿಜ ಹೇಳಿ."

ಹಾಜಿ ಜಪಮಣಿ ಸರಿಸುತ್ತಾ ಹೊರಟುಹೋದ. ಬಯೂಮಿ ತುತ್ತನ್ನು ಬಾಯಿಗಿಟ್ಟುಕೊಂಡ, ಅಗಿದ. ಆ ಕ್ಷಣದಲ್ಲಿ ಹಾಜಿ ಬೇರೆ ಏನಾದರೂ ಹೇಳಿದ್ದರೆ ಚೀಟಿಗಳನ್ನು ಸುಲಿದು ಮತ್ತೆ ಸರಿಯಾಗಿ ಅಂಟಿಸಿಬಿಡುತ್ತಿದ್ದನೇನೋ. ಹೇಳಲಿಲ್ಲ. ಮನುಷ್ಯ ತನ್ನ ಮರ್ಯಾದೆ ಉಳಿಸಿಕೊಳ್ಳಲು ಇನ್ನೊಬ್ಬನ ಅನ್ನ ಕಳೆಯುತ್ತಾನೆ. ಅಂಥವನಿಗೆ ಇದು ಹೆಚ್ಚಿನ ಶಿಕ್ಷೆಯೇನೂ ಅಲ್ಲ.

ಗುರುವಾರ ಬಂತು. ಬಯೂಮಿ ಬರುವಷ್ಟರಲ್ಲಿ ಅಂಗಡಿ ತೆರೆದಿತ್ತು. ವಗ್ದಿ ಎಂದಿನಂತೆ ಕೆಂಡದ ಮೇಲೆ ಹಿಡಿಗಟ್ಟಲೆ ಲೋಬಾನ ಸುರಿದು ಕಣ್ಣು ಉರಿಯುವಷ್ಟು ಹೊಗೆ ಎಬ್ಬಿಸಿದ್ದ. ಬಯೂಮಿ ಮೊದಲು ನೋಡಿದ್ದು ಕೆಳಗಿನ ಹಲಗೆಯನ್ನು. ಶೀಶೆ ಅಲ್ಲೇ ಇತ್ತು, ಚೀಟಿ ಮುಂದಕ್ಕೆ ಮಾಡಿಕೊಂಡು. ನಿಟ್ಟುಸಿರು ಬಿಟ್ಟು ಹಿಂದೆ ಹೋಗಿ ಚೂರಿಗಳನ್ನು ಒಂದೊಂದಾಗಿ ಎಣ್ಣೆ ಬಟ್ಟೆಯಲ್ಲಿ ಸುತ್ತಿದ. ಉಳಿ, ಮೂಳೆಪಟ್ಟಿ, ಸಾಣೆಕಲ್ಲು. ತಗಡಿನ ಅಚ್ಚುಗಳನ್ನು ದಾರದ ಸಮೇತ ಗೋಡೆಯಿಂದ ಇಳಿಸಿದಾಗ ಅವು ಗಲಗಲ ಎಂದವು. ಇಪ್ಪತ್ತಾರು ವರ್ಷ ಒಂದು ಗೋಣಿಚೀಲದಲ್ಲಿ ಹಿಡಿಯಿತು, ಇನ್ನೂ ಜಾಗ ಮಿಕ್ಕಿತು.

ಮಧ್ಯಾಹ್ನದ ನಮಾಜಿಗೆ ವಗ್ದಿಯೂ ಅವನೂ ಅಂಗಡಿಯ ಹಿಂದೆಯೇ ಚಾಪೆ ಹಾಸಿದರು. ಹಾಜಿ ಮಾತ್ರ ಮಸೀದಿಗೆ ಹೋಗಿ ಬಂದ. ಅವನು ಬಂದು ಕೂತು, ಚಹಾ ಬಂದು, ಗಿರಾಕಿಗಳು ಇಬ್ಬರೋ ಮೂವರೋ ಗುಲಾಬಿ ಆರಿಸುತ್ತಿದ್ದ ಹೊತ್ತು ನೋಡಿ ಬಯೂಮಿ ಗೋಣಿಚೀಲ ಹೆಗಲಿಗೇರಿಸಿ ಮುಂದೆ ಬಂದ. ಸಾಕ್ಷಿಗೆ ಜನ ಇರುವುದು ಒಳ್ಳೆಯದು.

"ಹೊರಟೆಯಾ?" ಹಾಜಿ ಎದ್ದು ನಿಂತ. "ಬರಿಗೈಲಿ ಹೋಗ್ಬೇಡ. ಏನ್ ಬೇಕು ಕೇಳು. ಗುಲಾಬಿ ತಗೋ, ಒಳ್ಳೆ ಗುಲಾಬಿ ಬಂದಿದೆ."

"ಗುಲಾಬಿ ನನಗ್ಯಾಕೆ ಹಾಜಿ? ಆ ಕರಿ ಅಂಬರ್ ಕೊಡಿ, ಸಾಕು. ಹೇಗೂ ಯಾರೂ ಕೇಳಲ್ಲ."

ವಗ್ದಿ ನಕ್ಕ. "ಕಾಕಾ, ಮೂಗು ಮನೇಲಿ ಬಿಟ್ಟು ಬಂದಿದೀಯಾ? ಆ ಡಾಂಬರು ಹಚ್ಕೊಂಡು ಹೋದ್ರೆ ಕಾಕಿ ಒಳಗೆ ಬಿಡ್ತಾಳಾ?"

"ಕಂಬಳಿ ಪೆಟ್ಟಿಗೇಲಿ ಇಡ್ತಾಳಂತೆ. ಹುಳದ ಕಾಟ."

ಗಿರಾಕಿಗಳೂ ನಕ್ಕರು. ಹಾಜಿ ನಗಲಿಲ್ಲ.

"ಅದು ಬೇಡ ಬಯೂಮಿ. ಬೇರೆ ಏನಾದ್ರೂ ತಗೋ."

"ನನಗೆ ಅದೇ ಇರ್ಲಿ."

"ಮಲ್ಲಿಗೆ ಕೊಡ್ತೀನಿ. ಮಲ್ಲಿಗೆ ಇಡೀ ಶೀಶೆ ಕೊಡ್ತೀನಿ. ಅದೊಂದು ಬೇಡ."

ಎಂಥ ಜಿಪುಣ, ಎಂದುಕೊಂಡ ಬಯೂಮಿ. ಕೊನೆಯ ದಿನವೂ ಹೀಗೆ. ಮೊದಲ ಸಲ ಅವನ ಕಿವಿಯ ಹಿಂದೆ ಬೆವರು ಒಡೆಯಿತು. "ಇಪ್ಪತ್ತಾರು ವರ್ಷ ದುಡಿದೋನು ಕೇಳ್ತಿರೋದು ಅಂಗಡಿಯ ಕಸ, ಹಾಜಿ. ಆ ಶೀಶೆ ಕೊಟ್ರೆ ತಗೊಂಡು ಹೋಗ್ತೀನಿ, ಇಲ್ದಿದ್ರೆ ಏನೂ ಬೇಡ."

"ಕೊಟ್ಬಿಡಿ ಮಾವ," ವಗ್ದಿ ಬಗ್ಗಿ ತಾನೇ ಶೀಶೆ ಎತ್ತಿ ಗಲ್ಲಾಪೆಟ್ಟಿಗೆಯ ಮೇಲಿಟ್ಟ. "ಜಾಗನಾದ್ರೂ ಖಾಲಿಯಾಗುತ್ತೆ."

ಬಯೂಮಿ ಕೈ ಚಾಚಿದ. ಆಗ ಬಾಗಿಲಲ್ಲಿ ಶೇಖ್ ಶಹಾತಾ ಕಾಣಿಸಿಕೊಂಡ. ಓಣಿಯಲ್ಲಿ ಯಾರು ಸತ್ತರೂ ಹೆಣ ತೊಳೆಯುವವನು ಅವನೇ. ನಿಲುವಂಗಿಯ ತೋಳು ಇನ್ನೂ ಮೊಣಕೈ ತನಕ ಮಡಿಸಿತ್ತು. ಅವನು ಬಾಯಿ ತೆರೆಯುವ ಮೊದಲೇ ಅವನ ಕೈಗಳಿಂದ ಹೊರಟ ವಾಸನೆ ಲೋಬಾನದ ಹೊಗೆಯನ್ನೂ ಸೀಳಿಕೊಂಡು ಅಂಗಡಿಯೊಳಗೆ ನಡೆದು ಬಂತು. ಬಯೂಮಿಯ ಚಾಚಿದ ಕೈ ಅಲ್ಲೇ ನಿಂತಿತು.

"ಹಾಜಿ, ದೇವರು ನಿಮಗೆ ಒಳ್ಳೇದು ಮಾಡ್ಲಿ. ಏನ್ ಕೊಟ್ಬಿಟ್ರಿ ಇವತ್ತು!" ಶಹಾತಾ ಎರಡು ಅಂಗೈಯನ್ನೂ ಚಾಚಿ ತೋರಿಸಿದ. "ಮೂರು ಸಲ ಸೋಪು ಹಾಕಿ ತೊಳ್ದೆ, ಹೋಗ್ತಾನೇ ಇಲ್ಲ. ಮಸೀದಿಲಿ ಸಾಲಲ್ಲಿ ನಿಂತೋರೆಲ್ಲ ತಿರುಗಿ ತಿರುಗಿ ನೋಡ್ತಿದ್ರು, ಯಾವ ಪಾಶಾ ಸತ್ತ ಅಂತ. ಪಾಶಾ ಅಲ್ರಪ್ಪಾ, ಹಮಾಲಿ ಫರಗ್ ಅಂದೆ. ಯಾರೂ ನಂಬಲ್ಲ! ಬದುಕಿರೋ ತನಕ ಈರುಳ್ಳಿ ಮೂಟೆ ಹೊತ್ತೋನು, ಸುಲ್ತಾನನ ಹಾಗೆ ಘಮಘಮ ಅಂತ ಗೋರಿಗೆ ಹೋದ."

"ಮೆಲ್ಲಗೆ, ಶೇಖ್," ಹಾಜಿಯ ಮುಖ ಕೆಂಪಾಯಿತು. "ಇಂಥದನ್ನ ನಾಲ್ಕು ಜನರ ಮುಂದೆ ಹೇಳ್ಬಾರ್ದು. ನಾನು ಯಾವಾಗ್ಲೂ ಕೊಡೋದೇ ಕೊಟ್ಟೆ. ಕರಿ ಅಂಬರ್."

"ಇದು ಅಂಬರ್ ಆದ್ರೆ ನಾನು ಮದುಮಗ. ಮೂಸಿ ನೋಡಿ!"

ಶಹಾತಾ ಕೈಯನ್ನು ಹಾಜಿಯ ಮೂಗಿನ ಹತ್ತಿರಕ್ಕೇ ಹಿಡಿದ. ಹಾಜಿ ಉಸಿರೆಳೆದ. ಎಲ್ಲರೂ ಅವನ ಬಾಯಿ ನೋಡುತ್ತಿದ್ದರು. ನಲವತ್ತು ವರ್ಷದ ಮಾತುಗಳಲ್ಲಿ ಯಾವುದನ್ನು ಹೇಳಬೇಕೆಂದು ಅವನಿಗೆ ತೋಚಲಿಲ್ಲ. ಆ ಕೈಗೆ ಚೀಟಿ ಇರಲಿಲ್ಲ. ವಗ್ದಿ ಗಲ್ಲಾಪೆಟ್ಟಿಗೆಯ ಮೇಲಿನ ಶೀಶೆಯ ಬಿರಡೆ ಎತ್ತಿದ. ಒಮ್ಮೆ ಮೂಸಿದ. ಬಿರಡೆಯನ್ನು ಬಹಳ ನಿಧಾನವಾಗಿ ಮತ್ತೆ ಮುಚ್ಚಿದ.

"ಮಾವ, ಇದು ಊದ್. ಬೆಳಿಗ್ಗೆ ಇದನ್ನ ನೀವೇ ತಾನೆ ಸುರಿದದ್ದು? ನಿಮಗೆ ಗೊತ್ತಾಗ್ಲಿಲ್ವಾ?"

ಗಿರಾಕಿಯೊಬ್ಬ ಕೆಮ್ಮಿದ. ಹಾಜಿ ಕುರ್ಚಿಯ ಮೇಲೆ ಕೂತ. ಜಪಮಣಿಯನ್ನು ಗಲ್ಲಾಪೆಟ್ಟಿಗೆಯ ಮೇಲಿಟ್ಟ, ಭಾರದ ಮೂಟೆ ಇಳಿಸಿದವನ ಹಾಗೆ.

"ಎರಡು ವರ್ಷ ಆಯ್ತು ನನ್ನ ಮೂಗು ಹೋಗಿ," ಅಂದ. "ಇವನೊಬ್ಬನಿಗೆ ಗೊತ್ತಿತ್ತು."

ಬೀಗ ಅಷ್ಟು ಸುಲಭವಾಗಿ ತೆರೆಯಿತು. ಎಲ್ಲರ ಕಣ್ಣೂ ಬಯೂಮಿಯ ಕಡೆಗೆ ತಿರುಗಿದವು, ಅವನ ಮುಖಕ್ಕೆ ಅಲ್ಲ, ಶೀಶೆಯ ಕಡೆಗೆ ಇನ್ನೂ ಚಾಚಿಯೇ ಇದ್ದ ಕೈಗೆ. ಕಣ್ಣು ಮಂಜು, ಅದಲು ಬದಲಾಯಿತು ಎಂಬ ಮಾತು ನಾಲಗೆಯ ಮೇಲೆ ಸಿದ್ಧವಾಗಿತ್ತು. ಆದರೆ ಇದೇ ಬೇಕು, ಇದಲ್ಲದೆ ಬೇರೇನೂ ಬೇಡ ಎಂದು ಅವನು ಹಟ ಹಿಡಿದದ್ದನ್ನು ಈಗತಾನೇ ಅಂಗಡಿಯಲ್ಲಿದ್ದವರೆಲ್ಲ ಕೇಳಿದ್ದರು. ಗೋಣಿಚೀಲ ಹೆಗಲಿನಿಂದ ಜಾರಿ ನೆಲಕ್ಕೆ ಬಿತ್ತು, ಒಳಗೆ ತಗಡುಗಳು ಗಲಗಲ ಎಂದವು. ಆ ಆಯಾಸದಲ್ಲೂ ಅವನ ತಲೆ ತನ್ನ ಲೆಕ್ಕವನ್ನು ಇನ್ನೊಮ್ಮೆ ತಾಳೆ ನೋಡುತ್ತಿತ್ತು. ನಾಲ್ಕು ವರ್ಷದಲ್ಲಿ ಎರಡು. ಲೆಕ್ಕ ತಪ್ಪಿರಲಿಲ್ಲ. "ಯಾವಾಗಿಂದ ಕೊಡ್ತಿದೀರಿ, ಹಾಜಿ?" ಎಂದು ಕೇಳಿದ. ಅವನ ದನಿ ಅವನಿಗೇ ದೂರದಿಂದ ಕೇಳಿಸಿತು. "ಅಪ್ಪನ ಕಾಲದಿಂದ," ಅಂದ ಹಾಜಿ. "ಓಣಿಯಲ್ಲಿ ಗತಿಯಿಲ್ಲದೋರು ಯಾರು ಸತ್ರೂ ಒಂದು ಕುಪ್ಪಿ. ಮುಂಜಾನೆ ನಾನೇ ಬಂದು ತುಂಬಿ ಕೊಡ್ತೀನಿ. ನಿನಗೆ ಹೇಗೆ ಗೊತ್ತಾಗ್ಬೇಕು? ಸತ್ತೋರಿಗೆ ಕೊಡೋ ಕುಪ್ಪಿಗೆ ಚೀಟಿ ಅಂಟಿಸಲ್ಲ."